ಕೂಸು ಎರೆಯುವವಳ ಫ್ಲೆಕ್ಸು

ಆಗ ನನಗೆ ಅರವತ್ತೆರಡು. ಒಂಬತ್ತು ವರ್ಷದ ಹಿಂದಿನ ಮಾತು. ಅರವತ್ತೆರಡು ಎಂಬುದೂ ಅಂದಾಜೇ. ತಂಬಾಕು ಚೆನ್ನಾಗಿ ಬಂದ ವರ್ಷ ನಾನು ಹುಟ್ಟಿದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಮ್ಮ ಕಡೆ ತಂಬಾಕು ಚೆನ್ನಾಗಿ ಬಂದ ವರ್ಷಗಳು ಬಹಳ. ಅದಿರಲಿ. ಆ ವಯಸ್ಸಿನಲ್ಲಿ ನಾನು ನಿಪ್ಪಾಣಿ ಬಸ್ ಸ್ಟ್ಯಾಂಡಿನ ಎದುರಿನ ಮೂಲೆಯಲ್ಲಿ, ನೆಲದಿಂದ ಎಂಟು ಅಡಿ ಮೇಲೆ, ಕೈ ಮುಗಿದುಕೊಂಡು ನಿಂತಿದ್ದೆ. ಸುತ್ತ ಹನ್ನೊಂದು ಕೂಸುಗಳು. ಅದು ಫ್ಲೆಕ್ಸು. ಹಾಕಿಸಿದವನು ನಮ್ಮ ಅಳಿಯ. ಹಾಕಿಸಿಕೊಂಡ ತಪ್ಪು ನನ್ನದು.

ಸಣ್ಣ ಧಂದೆ ಮಾಡುವವರಿಗೆ ಬುದ್ಧಿ ಹೇಳುವವರು ಈಗ ಬಹಳ ಆಗಿದ್ದಾರೆ. ಟೇಲರನಿಗೂ ಹೇಳುತ್ತಾರೆ, ಹಲ್ಲಿನ ಡಾಕ್ಟರಿಗೂ ಹೇಳುತ್ತಾರೆ, ಚಿಕ್ಕೋಡಿ ಕೋರ್ಟಿನ ವಕೀಲರಿಗೂ ಹೇಳುತ್ತಾರೆ. ನನಗೂ ಹೇಳಿದರು. ಹೇಳಿಸಿಕೊಂಡ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನಗಿರುವುದು ಎರಡನೇ ಇಯತ್ತೆಯವರೆಗಿನ ಅಕ್ಷರ. ಒತ್ತಕ್ಷರ ಬಂದಲ್ಲಿ ಕೈ ನಿಲ್ಲುತ್ತದೆ. ಅಕ್ಷರವನ್ನು ಮೊಮ್ಮಗಳು ತಿದ್ದಿದ್ದಾಳೆ, ಮಾತಿಗೆ ಕೈ ಹಚ್ಚಬೇಡ ಎಂದು ಹೇಳಿದ್ದೇನೆ.

ನನ್ನ ಕೆಲಸ ಕೂಸು ಎರೆಯುವುದು. ಬಾಣಂತಿಗೂ ಎರೆಯುತ್ತೇನೆ, ಕೂಸಿಗೂ ಎರೆಯುತ್ತೇನೆ. ಎಣ್ಣೆ ಹಚ್ಚಿ, ತಿಕ್ಕಿ, ಕಡಲೆಹಿಟ್ಟು ಹಾಕಿ, ನೀರು ಹಾಕಿ, ಒರೆಸಿ, ಓಂಕಾಳಿನ ಹೊಗೆ ಹಿಡಿದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕಿದರೆ ಕೂಸು ಎರಡು ತಾಸು ಅಲುಗಬಾರದು. ಅಷ್ಟು ಹೊತ್ತು ಅದರ ತಾಯಿಗೂ ನಿದ್ದೆ. ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡ ಎಂದು ಡಾಕ್ಟರು ಅಂದರು, ಬಿಟ್ಟುಬಿಟ್ಟೆ. ಅವರು ಓದಿದವರು. ಕೂಸುಗಳಿಗೂ ಅದು ಸೇರುತ್ತಿರಲಿಲ್ಲ, ನನಗೆ ಗೊತ್ತಿತ್ತು.

ಈ ಕೆಲಸದಲ್ಲಿ ಇನ್ನೊಂದು ಭಾಗವಿದೆ, ಬೈಯುವುದು. ಕೂಸನ್ನು ಹೊಗಳಿದರೆ ದೃಷ್ಟಿಯಾಗುತ್ತದೆ, ಅದಕ್ಕಾಗಿ ಎರೆಯುವವಳು ಅದನ್ನು ಬೈಯುತ್ತಲೇ ಎರೆಯಬೇಕು. "ಏನ ಕೂಸ ಹಡದೀ ಬೇ, ಸುಟ್ಟ ಬದನಿಕಾಯಿ ಹಂಗ ಐತಿ" ಎಂದರೆ ಹಿಂದಿನ ಬಾಣಂತಿಯರು ಮುಖ ಅರಳಿಸುತ್ತಿದ್ದರು. ನಾನು ಈ ಓಣಿಯಲ್ಲಿ ಹೆಗ್ಗಣ ಎಂದು ಬೈದ ಕೂಸು ಈಗ ರಾಯಬಾಗದಲ್ಲಿ ಹೈಸ್ಕೂಲು ಮಾಸ್ತರ. ಸಿಕ್ಕಾಗ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ನನಗೆ ಇವತ್ತಿಗೂ ಹೆಗ್ಗಣವೇ ನೆನಪಿಗೆ ಬರುತ್ತದೆ.

ಆದರೆ ಹುಡುಗಿಯರು ಬದಲಾದರು. ಬದನೆಕಾಯಿ ಎಂದರೆ ಈಗಿನ ಬಾಣಂತಿ ಅಳುತ್ತಾಳೆ. ಅದೇ ಹೊತ್ತಿಗೆ ದೀಪಾ ಎಂಬ ಹುಡುಗಿ ಕೊಲ್ಲಾಪುರದಲ್ಲಿ ತರಬೇತಿ ಪಡೆದು ಬಂದು ಬೇಬಿ ಮಸಾಜ್ ಎಂದು ಶುರು ಮಾಡಿದಳು. ಸ್ಕೂಟಿಯ ಮೇಲೆ ಬರುತ್ತಿದ್ದಳು, ಕೈಗವಸು ಹಾಕುತ್ತಿದ್ದಳು, ಕೂಸನ್ನು ನೋಡಿ ಕ್ಯೂಟ್ ಎನ್ನುತ್ತಿದ್ದಳು. ಹುಡುಗಿ ಕೆಟ್ಟವಳಲ್ಲ. ಕೈ ಮೆತ್ತಗಿತ್ತು ಅಷ್ಟೇ. ರೊಟ್ಟಿ ಬಡಿಯದ ಕೈ. ಒಂದು ವರ್ಷದಲ್ಲಿ ದಿನಕ್ಕೆ ನಾಲ್ಕು ಮನೆ ಎರೆಯುತ್ತಿದ್ದ ನನಗೆ ಒಂದು ಮನೆ ಉಳಿಯಿತು. ಆ ಮನೆಯ ಕೂಸಿಗೂ ಮೂರು ತಿಂಗಳು ತುಂಬುತ್ತಾ ಬಂದಿತ್ತು, ತುಂಬಿದರೆ ಅಲ್ಲಿಯೂ ಎರೆಯುವುದು ಮುಗಿಯಿತು.

ಆಗ ಅಥಣಿಯಿಂದ ಮಗಳನ್ನು ಕರೆದುಕೊಂಡು ಅಳಿಯ ಬಂದ. ಹೆಸರು ಮಹಾದೇವ, ವಿಮೆ ಮಾಡಿಸುವ ಕೆಲಸ. ಅವರ ಸಾಹೇಬರು ಇವರನ್ನೆಲ್ಲ ಒಂದು ಹೋಟೆಲಿನಲ್ಲಿ ಎರಡು ದಿನ ಕೂಡಿಸಿ ಮಾರ್ಕೆಟಿಂಗ್ ಕಲಿಸಿದ್ದರು. ಕಲಿತದ್ದು ಒಳಗೆ ನಿಲ್ಲದೆ ಅವನು ಒದ್ದಾಡುತ್ತಿದ್ದ. ಚಹಾ ಕುಡಿಯುವುದರೊಳಗೆ ನನ್ನ ಮೇಲೆ ಇಳಿಸಿದ.

"ಅತ್ತ್ಯಾರ, ನಿಮ್ಮ ಪ್ರಾಡಕ್ಟ್ ಚಲೋ ಐತ್ರಿ. ಮಾರ್ಕೆಟಿಂಗ್ ಇಲ್ಲ, ಅದಕ್ಕ ಹಿಂಗಾಗೇತಿ."

"ನನ್ನ ಪ್ರಾಡಕ್ಟ್ ಯಾವುದ್ರಿ?"

"ಕೂಸು!"

"ಕೂಸು ಅವರ ಪ್ರಾಡಕ್ಟ್ ಅಲ್ರಿ? ನಾ ತೊಳದ ಕೊಡಾಕಿ."

ಇಷ್ಟಕ್ಕೇ ನನ್ನ ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ದುರುಗುಟ್ಟಿ ನೋಡಿದಳು. ಊರಿಗೆಲ್ಲ ಬಾಯಿ ಬಿಟ್ಟು ಮಾತಾಡುವ ನನ್ನ ನಾಲಿಗೆ ಅಳಿಯನ ಮುಂದೆ ಮಾತ್ರ ಸೆರಗು ಹೊದ್ದು ಕೂರುತ್ತದೆ. ನಮ್ಮ ಕಡೆ ಅಳಿಯನ ಮಾತು ತೆಗೆದುಹಾಕುವುದು ಸಣ್ಣ ಸಂಗತಿಯಲ್ಲ. ಅವನು ಉಣ್ಣದೆ ಎದ್ದು ಹೋದರೆ ಆ ಸುದ್ದಿ ಅವನಿಗಿಂತ ಮುಂಚೆ ಅಥಣಿ ಮುಟ್ಟುತ್ತದೆ.

ಅವನು ನೋಟುಬುಕ್ಕು ತೆಗೆದು ಗೆರೆ ಎಳೆದ. ನಮ್ಮ ಹೆಸರು ಊರಿಗೆಲ್ಲ ಕಾಣಬೇಕು ಎಂದ. ಗಿರಾಕಿಯನ್ನು ಹೊಗಳಬೇಕು ಎಂದ, ನನಗೆ ಕೆಮ್ಮು ಬಂತು. ಖುಷಿಯಾದ ಗಿರಾಕಿಗಳ ಫೋಟೋ ತೋರಿಸಬೇಕು ಎಂದ. ಇಷ್ಟರ ಮೇಲೆ, ಗಿರಾಕಿ ಬರುವ ತನಕ ಕಾಯಬಾರದು, ನಾವೇ ಮುಂಚೆ ಹೋಗಬೇಕು ಎಂದ.

"ಬಸುರಿ ಇರೂ ಮನಿಗೆ ಮೊದಲ ಹೋಗಿ ನಿಮ್ಮ ಹೆಸರ ಹೇಳಿ ಬರ್ರಿ ಅತ್ತ್ಯಾರ. ಹೆರಿಗಿ ಆಗೂಮಟಾ ಯಾಕ ಕಾಯೂದು?"

ಹುಟ್ಟದ ಕೂಸಿಗೆ ನೀರು ಕಾಸಲು ಬಂದವಳನ್ನು ಯಾವ ಅತ್ತೆಯೂ ಹೊಸಿಲು ದಾಟಲು ಬಿಡುವುದಿಲ್ಲ, ಕಸಬಾರಿಗೆ ಹಿಡಿದುಕೊಂಡೇ ಬರುತ್ತಾಳೆ. ಹುಟ್ಟಿದ ಮೇಲೂ ನಾವಾಗಿ ಹೋಗುವಂತಿಲ್ಲ. ಮನೆಯ ಹಿರಿಯಳು ಬಂದು, ಕುಂಕುಮ ಹಚ್ಚಿ, ಬಾ ಎಂದು ಕರೆಯಬೇಕು. ನಲವತ್ತು ವರ್ಷದಲ್ಲಿ ನಾನು ಒಂದು ಸಲವೂ ಕರೆಯದೆ ಹೋದವಳಲ್ಲ. ಇದನ್ನು ಗಂಡಸಿಗೆ, ಅದರಲ್ಲೂ ನೋಟುಬುಕ್ಕು ಹಿಡಿದ ಗಂಡಸಿಗೆ, ಹೇಗೆ ತಿಳಿಸುವುದು?

ಹಾಗೆಂದು ನಾನೂ ಪೇಟೆಯಲ್ಲಿ ಕಣ್ಣು ಮುಚ್ಚಿಕೊಂಡು ತಿರುಗಿದವಳಲ್ಲ. ಯಾರ ಧಂದೆಗೆ ಯಾವುದು ಬೋರ್ಡು ಎಂಬುದನ್ನು ನೋಡುತ್ತಾ ಬಂದಿದ್ದೇನೆ. ಖಾರ ಕುಟ್ಟುವ ಮಷೀನಿನವನಿಗೆ ಬೋರ್ಡೇ ಬೇಡ. ಎರಡು ಓಣಿ ಸೀನುತ್ತಿದ್ದರೆ ಮಸಾಲೆ ತಯಾರಾಗುತ್ತಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಡಾಕ್ಟರಿಗೆ ಹೊರಗೆ ರೋಗಿಗಳು ಕೂರುವ ಬಾಕೇ ಬೋರ್ಡು. ಬಾಕಿನ ಮೇಲೆ ಹತ್ತು ಜನ ನರಳುತ್ತಿದ್ದರೆ ಹನ್ನೊಂದನೆಯವನು ಧೈರ್ಯವಾಗಿ ಬಂದು ಕೂರುತ್ತಾನೆ. ಬಾಕು ಖಾಲಿ ಇದ್ದರೆ ಅವನ ಜ್ವರ ತಾನಾಗಿ ಇಳಿದು ಮುಂದಿನ ಡಾಕ್ಟರ ಮನೆಯ ಹತ್ತಿರ ಮತ್ತೆ ಏರುತ್ತದೆ. ಟೇಲರನಂತೂ ಹೊಲಿದ ಜಂಪರುಗಳನ್ನು ಕೊಡುವ ದಿನ ಕೊಡದೆ ಅಂಗಡಿಯ ಮುಂದೆ ನೇತುಹಾಕುತ್ತಾನೆ. ನಾನು ಕೋರ್ಟಿಗೆ ಒಂದೇ ಸಲ ಹೋದವಳು. ಅಲ್ಲಿ ಒಬ್ಬ ಎಳೆ ವಕೀಲ ಕಂಕುಳಲ್ಲಿ ಕೂಸಿನಷ್ಟು ದಪ್ಪ ಫೈಲು ಹಿಡಿದು ಓಡಾಡುತ್ತಿದ್ದ. ಕೂಸು ಹಿಡಿಯುವವರ ಕೈ ನನಗೆ ಗೊತ್ತು. ಅದರಲ್ಲಿ ಭಾರವೇ ಇರಲಿಲ್ಲ.

ಇಷ್ಟೆಲ್ಲ ತಿಳಿದವಳು ನಾನು, ಆದರೂ ಅಳಿಯನಿಗೆ ಫೋಟೋ ತಂದುಕೊಟ್ಟೆ. ನಾನು ಎರೆದ ಮನೆಗಳಿಗೆ ಹೋಗಿ, ಕೂಸಿನ ಒಂದು ಫೋಟೋ ಕೊಡ್ರಿ, ಅಳಿಯ ನೋಡಬೇಕಂತಾನ ಎಂದೆ. ಅಜ್ಜಿಯರು ಪ್ರೀತಿಯಿಂದ ಕೊಟ್ಟರು. ಮೋಸ ಮಾಡಬೇಕೆಂದಲ್ಲ. ಫೋಟೋ ಎಂದರೆ ಕೈಯಲ್ಲಿ ಹಿಡಿಯುವಷ್ಟು ಎಂದೇ ನನ್ನ ತಲೆಯಲ್ಲಿ ಇತ್ತು. ಅದು ಮೊರದಷ್ಟು ಮುಖವಾಗಿ ಬಸ್ ಸ್ಟ್ಯಾಂಡಿನ ಎದುರು ನಿಲ್ಲುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಿಂತಿತು. ನಡುವೆ ನಾನು. "ಸೋನವ್ವ ಆಯಿ, ನಲವತ್ತು ವರ್ಷದ ಅನುಭವ" ಎಂದು ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ. ಫ್ಲೆಕ್ಸಿನವನು ದಿನಾ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸು ಮಾಡುವವನು. ಚಾಳಿ ಬಿಡದೆ ನನ್ನ ಬೆನ್ನ ಹಿಂದೆಯೂ ಒಂದು ಹುಲಿ ನಿಲ್ಲಿಸಿದ್ದ. ಮೊದಲ ದಿನ ಜೀಪಿನ ಡ್ರೈವರೊಬ್ಬ ನನ್ನನ್ನು ಕಂಡು, "ಆಯಿ, ಯಾವ ವಾರ್ಡಿಗೆ ನಿಂತೀ? ನಮ್ಮ ಓಟ ನಿನಗ" ಎಂದ. ಮಹಾದೇವ ಅದನ್ನು ಕೇಳಿ ಖುಷಿಯಾಗಿ ನೋಟುಬುಕ್ಕಿನಲ್ಲಿ ಒಂದು ಗುರುತು ಹಾಕಿಕೊಂಡ.

ಎರಡನೇ ದಿನ ಸುಶೀಲಕ್ಕ ಬಂದಳು.

ಸುಶೀಲಕ್ಕ ನಮ್ಮ ಓಣಿಯ ಕಿರಾಣಿ ಅಂಗಡಿಯವಳು. ಅವಳ ಇಬ್ಬರು ಹೆಣ್ಣುಮಕ್ಕಳಿಗೂ ನಾನೇ ಎರೆದಿದ್ದೆ. ಹಿರಿಯ ಮಗಳ ಗಂಡುಮಗುವಿಗೂ ನಾನೇ. ಅವನೇ ಫ್ಲೆಕ್ಸಿನಲ್ಲಿ ಮೊದಲ ಸಾಲಿನ ಮೊದಲನೆಯವನು. ಕಿರಿಯ ಮಗಳು ರೇಖಾ ಹಡೆದು ಆಗ ಒಂಬತ್ತು ದಿನ. ರೇಖಾ ಹಟ ಹಿಡಿದು ದೀಪಾಳನ್ನು ಕರೆಸಿಕೊಂಡಿದ್ದಳು. "ಇರ್ಲಿ, ನಾಕ ದಿನ ಆಕಿ ಎರೀಲಿ, ಆಮ್ಯಾಲ ನಿನ್ನ ಕರೀತೀನಿ" ಎಂದು ಸುಶೀಲಕ್ಕ ನನಗೆ ಅಂಗಡಿಯಲ್ಲೇ ಹೇಳಿದ್ದಳು. ನಾನು ಆ ಮಾತನ್ನು ಹಿಡಿದುಕೊಂಡು ಕೂತಿದ್ದೆ. ನಮ್ಮ ಓಣಿ ಸುಶೀಲಕ್ಕ ಯಾವ ಬೇಳೆ ತರಿಸಿದಳೋ ಅದನ್ನೇ ಉಣ್ಣುತ್ತದೆ, ಯಾರನ್ನು ಕರೆದಳೋ ಅವರನ್ನೇ ಕರೆಯುತ್ತದೆ. ಅವಳು ಕರೆದರೆ ನನ್ನ ಕೆಲಸ ಉಳಿಯಿತು, ಕರೆಯದಿದ್ದರೆ ಮುಗಿಯಿತು. ಅರವತ್ತೆರಡರಲ್ಲಿ ನಾನು ಬೇರೆ ಏನು ಕಲಿಯಲಿ?

"ಸೋನವ್ವ, ಹೊರಗ ಬಾ ಬೇ!"

"ಬಂದೇನಿ. ಏನಾತು?"

"ನನ್ನ ಮೊಮ್ಮಗನ್ನ ಬಸ್ ಸ್ಟ್ಯಾಂಡಿನ್ಯಾಗ ನೇತ ಹಾಕೀಯಲ್ಲ, ನಾಚಿಕಿ ಐತೇನ ನಿನಗ?"

"ಫೋಟೋ ಬೇ ಅದು."

"ಫೋಟೋಕ್ಕ ನೆದರ ಆಗೂದಿಲ್ಲೇನ? ಸಾಂಗ್ಲಿ ಬಸ್ಸಿನವ್ರು ನೋಡ್ತಾರ, ಬೆಳಗಾಂವ ಬಸ್ಸಿನವ್ರು ನೋಡ್ತಾರ, ಎಂಥೆಂಥಾ ಕಣ್ಣಿನವ್ರೋ ಏನೋ! ನಿನ್ನೆಯಿಂದ ಹುಡುಗನ ಮೂಗ ಸೋರಾಕತ್ತೈತಿ."

"ಥಂಡಿ ಬಿದ್ದೈತಿ, ಎಲ್ಲಾರದೂ ಸೋರಾಕತ್ತೈತಿ. ನಂದೂ ಸೋರಾಕತ್ತೈತಿ ನೋಡು."

"ನೀನೂ ಅದರಾಗ ಅದೀಯಲ್ಲ!"

ಅವಳ ಹಿಂದೆ ಇನ್ನೂ ನಾಲ್ವರು ಅಜ್ಜಿಯರು ನಿಂತಿದ್ದರು. ಒಂದು ಕೂಸು ಹಾಲು ಬಿಟ್ಟಿತ್ತಂತೆ, ಒಂದಕ್ಕೆ ಭೇದಿಯಂತೆ. ಹನ್ನೊಂದು ಕೂಸುಗಳನ್ನು ಎಲ್ಲಿ ಬೇಕಾದರೂ ಎಣಿಸಿ ನೋಡಿ, ಎರಡು ದಿನದಲ್ಲಿ ಮೂರಕ್ಕೆ ಏನಾದರೂ ಆಗಿಯೇ ಇರುತ್ತದೆ. ಕೂಸುಗಳ ಕೆಲಸವೇ ಅದು. ಇದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೆ ನಲವತ್ತು ವರ್ಷ ದೃಷ್ಟಿಯಾಗುತ್ತದೆ ಎಂದು ಅವರ ಕೂಸುಗಳನ್ನು ಬೈದವಳು ನಾನು. ಈಗ ಯಾವ ಬಾಯಿಂದ ದೃಷ್ಟಿ ಇಲ್ಲ ಎನ್ನಲಿ?

"ಇವತ್ತ ಹೇಳ್ತೀನಿ ಕೇಳು," ಸುಶೀಲಕ್ಕ ಓಣಿಗೆಲ್ಲ ಕೇಳುವಂತೆ ಹೇಳಿದಳು, "ನಮ್ಮ ಮನಿಗೆ ನಿನ್ನ ನಾ ಇನ್ನ ಕರಿಯಾಕಿ ಅಲ್ಲ."

ಉಳಿದ ನಾಲ್ವರೂ ತಲೆ ಅಲ್ಲಾಡಿಸಿದರು. ಹೋದರು.

ಫ್ಲೆಕ್ಸು ಬಿಚ್ಚಿಸಿಬಿಡು ಎಂದು ನೀವು ಹೇಳುತ್ತೀರಿ. ಅದನ್ನೇ ನಾನೂ ಅಳಿಯನ ಮುಂದೆ ತಿರುಗಿಸಿ ಮುರುಗಿಸಿ ಹೇಳಿದೆ. ಅವನ ಮುಖ ಸಣ್ಣದಾಯಿತು.

"ಹದಿನೈದ ದಿನಕ್ಕ ಪರವಾನಗಿ ತಗಸೀನ್ರಿ ಅತ್ತ್ಯಾರ. ಮಂದಿ ಮಾತಾಡಾಕತ್ತಾರಲ್ಲ, ಮಾರ್ಕೆಟಿಂಗ್ ಅಂದ್ರ ಇದನ್ರಿ."

"ಮಂದಿ ಬೈಯಾಕತ್ತಾರ್ರಿ."

"ನೀವೂ ಬೈದ ಬೈದ ಧಂದೆ ಬೆಳಿಸೀರಿ ಅಲ್ರಿ?"

ಅಳಿಯ ದಡ್ಡನಲ್ಲ. ಮಗಳು ಒಳಗಿನಿಂದ ಮೂಗು ಏರಿಸಿದ್ದು ಕೇಳಿತು, ಅದು ಥಂಡಿಯ ಮೂಗಲ್ಲ. ಅಳಿಯ ಕಟ್ಟಿದ್ದನ್ನು ಅತ್ತೆ ಬಿಚ್ಚಿದಳು ಎಂದಾದರೆ ಅವಳು ಅಥಣಿಯಲ್ಲಿ ತಲೆ ಎತ್ತುವುದು ಹೇಗೆ? ಬಿಚ್ಚಿದರೆ ಮಗಳು ಹೋದಳು, ಬಿಚ್ಚದಿದ್ದರೆ ಓಣಿ ಹೋಯಿತು. ಊಟ ಮಾಡಿದೆ. ಆಮೇಲೆ ಹರಳೆಣ್ಣೆ ದೀಪದ ಕಾಡಿಗೆಯ ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಸೈಕಲ್ ಅಂಗಡಿಯವನ ಏಣಿ ಕೇಳಿ ತಂದು ಫ್ಲೆಕ್ಸಿಗೆ ಆನಿಸಿದೆ. ಸೀರೆ ಕಚ್ಚೆ ಹಾಕಿ ಹತ್ತಿದೆ.

ಹಾಡುಹಗಲು ಮೂರು ಗಂಟೆ. ಅಕ್ಕೋಳದ ಬಸ್ಸು ಬಂದಿರಲಿಲ್ಲ. ಕಾಯುತ್ತಿದ್ದ ಹೆಂಗಸರಿಗೆ ನಾನು ಸಿಕ್ಕೆ. ಮುಖ ಮೊರದಷ್ಟಿದ್ದ ಮೇಲೆ ದೃಷ್ಟಿಬೊಟ್ಟು ನಿಂಬೆಹಣ್ಣಿನಷ್ಟಾದರೂ ಬೇಕಲ್ಲ, ಎರಡು ಬೆರಳು ಅದ್ದಿ ಮೊದಲನೆಯವನ ಎಡಗೆನ್ನೆಗೆ ಇಟ್ಟೆ. ಕೆಳಗಿನಿಂದ ಶುರುವಾಯಿತು.

"ಆಯಿ, ಆ ಕುಲಾಯಿ ಹಾಕ್ಕೊಂಡದ್ದಕ್ಕ ಸಣ್ಣದಾತ ನೋಡು!"

"ಅದಕ್ಕ ಹಣಿಗೂ ಒಂದ ಹಚ್ಚರಿ, ಭಾಳ ಬೆಳ್ಳಗೈತಿ!"

"ಬೆಳ್ಳಗೆಲ್ಲಿ ಐತಿ? ಫ್ಲೆಕ್ಸಿನಾಂವ ಮಾಡ್ಯಾನ," ಎಂದೆ. "ಹುಟ್ಟಿದಾಗ ಕಬ್ಬಿನ ಗಾಣದಿಂದ ಹೊರಗ ಬಂದಂಗಿತ್ತು."

ನಕ್ಕರು. ಇಬ್ಬರು ಬಂದು ಏಣಿ ಹಿಡಿದರು. ಹಿಡಿದವರು ಸುಮ್ಮನಿರಲಿಲ್ಲ, ತಮ್ಮ ಕೂಸಿನ ಹೊಟ್ಟೆ, ತಮ್ಮ ಸೊಸೆಯ ಸೊಂಟ, ಎಲ್ಲವನ್ನೂ ಹೇಳಿದರು. ನಾನು ಮೇಲಿನಿಂದಲೇ ಉತ್ತರ ಕೊಡುತ್ತಾ ಹೋದೆ. ಆ ಜೀಪಿನ ಡ್ರೈವರು ಕೂಗಿದ.

"ಆಯಿ, ನಿನಗೂ ಒಂದ ಹಚ್ಚಗೋ!"

"ನನಗ ಯಾರ ನೆದರ ಹಾಕ್ತಾರೋ ಮಗನ?"

"ಹಂಗಾರ ಹುಲಿಗೆ ಹಚ್ಚು!"

ಹುಲಿಗೂ ಹಚ್ಚಿದೆ. ಸುಮ್ಮನೆ ಯಾಕೆ ಬಿಡುವುದು?

ತಿರುಗಿ ನೋಡಿದರೆ ಕೆಳಗೆ ಸುಶೀಲಕ್ಕ. ಕೈಯಲ್ಲಿ ಚೀಲ, ಎಲ್ಲಿಗೋ ಹೊರಟವಳ ಹಾಗೆ. ಅವಳು ಎಲ್ಲಿಗೂ ಹೊರಟಿರಲಿಲ್ಲ, ಚೀಲ ಖಾಲಿ ಇತ್ತು.

"ನಮ್ಮಾಂವಗ ಎಲ್ಲಿ ಹಚ್ಚೀ?"

"ಕಾಣೂದಿಲ್ಲೇನ? ಎಡಗಲ್ಲಕ್ಕ."

"ಅಂಗಾಲಿಗೆ?"

"ಫೋಟೋದಾಗ ಅಂಗಾಲ ಎಲ್ಲೈತಿ ಬೇ? ಹೊಟ್ಟಿತನಾ ತಗದಾರ."

"ಹಂಗಾರ ಕಿವಿ ಹಿಂದ ಹಚ್ಚು."

"ಕಿವಿ ಹಿಂದ ಹಚ್ಚಬೇಕಂದ್ರ ಫ್ಲೆಕ್ಸಿನ ಹಿಂದ ಹೋಗಬೇಕ."

"ಹೋಗು. ಏಣಿ ಐತಲ್ಲ."

ಇಳಿದೆ. ಏಣಿ ಎತ್ತಿ ಹಿಂದಕ್ಕೆ ಇಟ್ಟೆವು. ಮತ್ತೆ ಹತ್ತಿದೆ. ಫ್ಲೆಕ್ಸಿನ ಹಿಂದೆ ಬೆಳ್ಳನೆ ಬಟ್ಟೆ, ಯಾವ ಕೂಸೂ ಇಲ್ಲ, ಕಿವಿಯೂ ಇಲ್ಲ. ಸುಶೀಲಕ್ಕ ಮುಂದೆ ಹೋಗಿ ನಿಂತು, "ಮ್ಯಾಲ... ಇನ್ನಷ್ಟ ಬಲಕ್ಕ... ಹಾಂ" ಎಂದು ಹೇಳಿದಳು. ಅವಳು ಹಾಂ ಎಂದಲ್ಲಿ ಹಚ್ಚಿದೆ. ಇಷ್ಟು ವಯಸ್ಸಾದ ಇಬ್ಬರು ಹೆಂಗಸರು ನಿಪ್ಪಾಣಿಯ ನಡುಪೇಟೆಯಲ್ಲಿ ಇಲ್ಲದ ಕಿವಿಯ ಹಿಂದೆ ಕಾಡಿಗೆ ಹಚ್ಚಿದೆವು. ನಮ್ಮಲ್ಲಿ ಯಾರೂ ನಗಲಿಲ್ಲ.

ಅವಳು ಬಂದು ಏಣಿ ಹಿಡಿದಳು. ನಾನು ಇಳಿಯುತ್ತಿರುವಾಗ, ನನ್ನ ಕಡೆ ನೋಡದೆ, ಬಸ್ಸುಗಳ ಕಡೆ ನೋಡುತ್ತಾ ಹೇಳಿದಳು.

"ರೇಖಾನ ಕೂಸು ಎರದ ಮ್ಯಾಲ ಮಲಗವಲ್ದು. ಮೂರ ದಿನಾ ಆತು. ನೀರ ಬಿದ್ದ ಕೂಡ್ಲೆ ಮೈ ಸೆಟೀತೈತಿ."

"ಆ ಹುಡುಗಿ ಏನಂತಾಳ?"

"ಹೊಂದಕೋತೈತಿ ಅಂತಾಳ. ರೇಖಾ ಕೂತ ಅಳತಾಳ."

"ನೀರ ಎಷ್ಟ ಗಂಟೇಕ್ಕ ಕಾಸ್ತೀರಿ?"

"ಏಳಕ್ಕ."

ಅಷ್ಟು ಹೇಳಿ ಖಾಲಿ ಚೀಲ ಬೀಸುತ್ತಾ ಹೋದಳು. ಬಾ ಎನ್ನಲಿಲ್ಲ. ಅನ್ನುವುದಾದರೂ ಹೇಗೆ? ಓಣಿಯ ಮುಂದೆ ಆಡಿದ ಮಾತು. ಕರೆಯುವುದಕ್ಕೆ ಅವಳಿಗೆ ಬಾಯಿಲ್ಲ, ಕರೆಯದೆ ಹೋಗುವುದಕ್ಕೆ ನನಗೆ ಕಾಲಿಲ್ಲ. ನಡುವೆ ಒಂಬತ್ತು ದಿನದ ಒಂದು ಕೂಸು ಮೈ ಸೆಟೆಯುತ್ತಿದೆ.

ಸಂಜೆ ಮಹಾದೇವ ಕೇಳಿದ, "ಕರದ್ರೇನ್ರಿ ಅತ್ತ್ಯಾರ?"

"ಇಲ್ರಿ."

ಅವನು ನೋಟುಬುಕ್ಕು ತೆರೆದು ನೋಡಿದ. ಇದಕ್ಕೆ ಅದರಲ್ಲಿ ಏನೂ ಬರೆದಿರಲಿಲ್ಲ ಎಂದು ಕಾಣುತ್ತದೆ, ಮುಚ್ಚಿಟ್ಟ.

ನಾನು ಜೋಳ ಆರಿಸುತ್ತಾ ವಿಚಾರ ಮಾಡಿದೆ. ನಲವತ್ತು ವರ್ಷ ನಾನು ಬಾ ಎಂಬ ಮಾತಿಗಾಗಿ ಕಾದೆ. ಅದು ನನ್ನ ಮರ್ಯಾದೆ ಎಂದುಕೊಂಡಿದ್ದೆ. ಆದರೆ ನಿಜವಾಗಿ ಬೇಕಾದವರು ಬಾ ಎನ್ನುವುದಿಲ್ಲ. ಎಲ್ಲಿ ನೋಯುತ್ತದೆ ಎಂಬುದನ್ನು ಹೇಳುತ್ತಾರೆ, ಅದನ್ನೂ ಬೇರೆ ಕಡೆ ನೋಡುತ್ತಾ ಹೇಳುತ್ತಾರೆ. ನೀರು ಎಷ್ಟು ಗಂಟೆಗೆ ಎಂದು ಕೇಳಿದೆ. ನಿನಗ್ಯಾಕ ಎನ್ನಲಿಲ್ಲ, ಏಳಕ್ಕ ಎಂದಳು. ವಕೀಲರು, ಡಾಕ್ಟರರು, ವಿಮೆಯವರು, ಯಾರು ಬೇಕಾದರೂ ಇದನ್ನು ಬರೆದುಕೊಳ್ಳಲಿ. ಬೋರ್ಡಿಗೆ ಬಣ್ಣ ಕಡಿಮೆ ಇದ್ದರೂ ನಡೆಯುತ್ತದೆ, ಕಿವಿ ಮಂದವಾದರೆ ನಡೆಯುವುದಿಲ್ಲ. ಮೊದಲು ಹೋಗಬೇಕು ಎಂದು ಅಳಿಯ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಯಾವಾಗ ಹೋಗಬೇಕು ಎಂಬುದನ್ನು ಹೋಟೆಲಿನಲ್ಲಿ ಕಲಿಸಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ಹೋದೆ. ಸುಶೀಲಕ್ಕ ಅಂಗಡಿಯಲ್ಲಿ ಬೆನ್ನು ತಿರುಗಿಸಿಕೊಂಡು ಸಕ್ಕರೆ ಡಬ್ಬಿ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು. ನಾನು ಅವಳ ಪಕ್ಕದಿಂದ ದಾಟಿ ನೇರವಾಗಿ ಬಚ್ಚಲಿಗೆ ಹೋಗಿ ನೀರಿಗೆ ಮೊಣಕೈ ಅದ್ದಿದೆ. ಸುಡುತ್ತಿತ್ತು. ಮೂರು ತಂಬಿಗೆ ತಣ್ಣೀರು ಬೆರೆಸಿ, ಮತ್ತೆ ಅದ್ದಿ ನೋಡಿದೆ. ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿಕೊಂಡು ಕಲ್ಲಿನ ಮೇಲೆ ಕೂತೆ. ಎರಡೂ ಕಾಲು ಚಾಚಿ ಒಂದಕ್ಕೊಂದು ಜೋಡಿಸಿದೆ; ಹತ್ತು ದಿನದ ಕೂಸು ಮಲಗಲು ಅಷ್ಟು ಜಾಗ ಸಾಕು. ಆಮೇಲೆ ಒಳಗೆ ಕೇಳುವಂತೆ ಕೂಗಿದೆ.

"ರೇಖಾ, ಕೂಸ ತಾ. ನೀರ ಆರತಾವ."